ಗಂಗಾಮಣಿ ಯೆಜ್ಡಿಯ ಓಟಿ ತೆಗೆದದ್ದು

ಹಾನುಬಾಳಿನ ಕೃಷ್ಣಪ್ಪನವರ ಕಾಫಿ ಗೋಡೌನಿನಲ್ಲಿ ಗಂಗಾಮಣಿಯ ಕೈ ದಾಟದೆ ಒಂದು ಚೀಲವೂ ಒಳಗೆ ಹೋಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಅವಳು ಅಲ್ಲಿ ಮಾಡಿದ್ದು ಒಂದೇ ಕೆಲಸ, ಓಟಿ ತೆಗೆಯುವುದು. ಕಾಫಿ ಬೆಳೆಯದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ರೈತ ಒಣಗಿದ ಹಣ್ಣನ್ನು ಸಿಪ್ಪೆ ಸಮೇತ ಐವತ್ತು ಕೆ.ಜಿ. ಚೀಲಕ್ಕೆ ತುಂಬಿ ತರುತ್ತಾನೆ. ಸಿಪ್ಪೆ ಹೋದರೆ ಬೀಜ ಎಷ್ಟು ಕೆ.ಜಿ. ಉಳಿಯುತ್ತದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಆ ಉಳಿಕೆಗೇ ಓಟಿ ಎನ್ನುವುದು. ಗಂಗಾಮಣಿ ಚೂಪು ಕೊಳವೆಯನ್ನು ಚೀಲದ ಬಾಯಿಗೊಮ್ಮೆ, ಹೊಟ್ಟೆಗೊಮ್ಮೆ, ಬುಡಕ್ಕೊಮ್ಮೆ ಚುಚ್ಚಿ ಹಣ್ಣು ಎಳೆದು, ಸಣ್ಣ ಗಿರಣಿಯಲ್ಲಿ ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿ, ತೂಗಿ ಹೇಳಿದ ಮೇಲೇ ಸಾವ್ಕಾರ್ರು ಬೆಲೆಗೆ ಬಾಯಿ ತೆರೆಯುತ್ತಿದ್ದರು.

ಚೀಲದ ಬಾಯಲ್ಲಿ ಗಲಗಲ ಎನ್ನುವ ಒಣಹಣ್ಣು, ಬುಡದಲ್ಲಿ ನೀರು ಚಿಮುಕಿಸಿದ ಹಸಿಹಣ್ಣು ತುಂಬಿ ತಂದವರನ್ನು ಅವಳು ಎಷ್ಟೋ ಕಂಡಿದ್ದಳು. ಬೈಯುತ್ತಿರಲಿಲ್ಲ. "ಬಿಸಿಲು ಇನ್ನೊಂದೆರಡು ದಿನ ಬೇಕಿತ್ತು ಅನ್ನುಸ್ತದೆ ಗೌಡ್ರೇ, ಬುಡಕ್ಕೆ ಸೆಖೆ ಹತ್ತಿಲ್ಲ" ಎಂದು ಹಣ್ಣನ್ನು ಅಂಗೈ ಮೇಲಿಟ್ಟು ತೋರಿಸುತ್ತಿದ್ದಳು. ಗೌಡರು ಚೀಲ ಹೊತ್ತುಕೊಂಡು ಹಿಂದಕ್ಕೆ ಹೋಗುತ್ತಿದ್ದರು. ಓಟಿ ಸರಿ ಬಂದವರಿಗೆ ಹಿತ್ತಾಳೆಯ ಒಂದು ಟೋಕನ್ ಸಿಗುತ್ತಿತ್ತು, ನಂಬರ್ ಕೆತ್ತಿದ ದುಂಡನೆಯ ಬಿಲ್ಲೆ. ಅದನ್ನು ಹಿಡಿದುಕೊಂಡು ಸಂತೆಗೆ ಹೋಗಿ ಬಂದು, ಸಂಜೆ ಟೋಕನ್ ಕೊಟ್ಟು ದುಡ್ಡು ಎಣಿಸಿಕೊಳ್ಳಬಹುದು. ಸರಕು ಒಳಗೆ ಬಂದಿದೆ ಎಂಬುದಕ್ಕೆ ಆ ಬಿಲ್ಲೆಯೇ ಸಾಕ್ಷಿ. ಚೀಲದ ಮೇಲೆ ಬೆಳೆದವನ ಹೆಸರು ಇಲ್ಲದಿದ್ದರೆ ಮಾತ್ರ ಅವಳು ಕೊಳವೆಯನ್ನೇ ಎತ್ತುತ್ತಿರಲಿಲ್ಲ.

ಅವಳ ಗಂಡ ವೀರಯ್ಯ ಎಸ್ಟೇಟಿನ ಜೀಪ್ ಡ್ರೈವರ್ ಆಗಿ ದುಡಿದು, ಅರವತ್ತು ದಾಟಿದ ಮೇಲೆ ಮನೆಯಲ್ಲಿದ್ದಾನೆ. ನನಗಿಂತ ಆರೇಳು ವರ್ಷ ಚಿಕ್ಕವನು. ನನ್ನ ಕಾಫಿ-ತಿಂಡಿ ಅಂಗಡಿಯ ಬೆಂಚು ಸವೆದದ್ದರಲ್ಲಿ ಅರ್ಧ ಪಾಲು ಅವನದು. ಅವನಿಗೆ ಮದುವೆಯ ಹೊಸದರಲ್ಲಿ ಒಂದು ಯೆಜ್ಡಿ ಮೋಟಾರ್ ಸೈಕಲ್ ಇತ್ತು. ಎರಡು ಸೈಲೆನ್ಸರಿನ ಗಾಡಿ. ಅದು ದಿಬ್ಬ ಹತ್ತುವ ಸದ್ದು ಕೇಳಿದರೆ ನಾಲ್ಕು ತಿರುವಿನ ಆಚೆಗೇ ವೀರಯ್ಯ ಬಂದ ಎಂದು ಗೊತ್ತಾಗುತ್ತಿತ್ತು. ಮನೆಗೆ ಹೆಂಚು ಹೊದಿಸುವ ವರ್ಷ ಅದನ್ನು ಮಾರಿದ. ಮಾರಿದ ದಿನ ಹೆಂಡತಿಗೆ, "ನೀನು ಗೋಡೌನ್ ಬಿಡೋ ದಿನ ಯೆಜ್ಡೀಲೇ ಬಂದು ಕರ್ಕೊಂಡು ಬತ್ತೀನಿ, ಬೇಕಾದ್ರೆ ಬರ್ಕೋ" ಎಂದಿದ್ದನಂತೆ.

"ಬರ್ಕೊಳ್ಳೋಕೆ ಕಾಗ್ದ ಎಲ್ಲೈತೆ, ಕಾಲ್ಮೇಲೇ ಬರ್ದಿದ್ದೀರಲ್ಲ" ಎಂದಿದ್ದಳಂತೆ ಅವಳು.

ಅದೂ ನಿಜವೇ. ಯೆಜ್ಡಿಯ ಕಿಕ್ಕರ್ ಎಡಗಡೆ ಇರುತ್ತದೆ. ಹೊಡೆದು ಸ್ಟಾರ್ಟ್ ಮಾಡಿದ ಮೇಲೆ ಅದೇ ಲಿವರನ್ನು ಮುಂದಕ್ಕೆ ಮಡಚಿದರೆ ಅದೇ ಗೇರು. ಬೇರೆ ಗಾಡಿಗಳಲ್ಲಿ ಈ ಚಂದ ಕಾಣೆ. ದಾರಿಯಲ್ಲಿ ಗಾಡಿ ನಿಂತರೆ ವೀರಯ್ಯ ಹೆಂಡತಿಯನ್ನು ಇಳಿಸುವಷ್ಟು ತಾಳ್ಮೆಯವನಲ್ಲ. ಅವಳು ಎಡಕ್ಕೆ ಕಾಲು ಇಳಿಬಿಟ್ಟು ಕೂತಿರುವಾಗಲೇ ಕಿಕ್ಕರ್ ಒದೆಯುತ್ತಿದ್ದ. ಒಂದು ಸಲ ಅದು ಹಿಂದಕ್ಕೆ ಬಂದು ಅವಳ ಹಿಮ್ಮಡಿಗೆ ಬಡಿದು ಮೂರು ಹೊಲಿಗೆ ಬಿತ್ತು. ಆ ಗುರುತು ಇವತ್ತಿಗೂ ಇದೆ.

ಈ ವರ್ಷ ಮಾರ್ಚ್ ಕೊನೆಗೆ ಗೋಡೌನಿನ ಕೆಲಸ ಬಿಡುತ್ತೇನೆಂದು ಗಂಗಾಮಣಿ ಸಾವ್ಕಾರ್ರಿಗೆ ಹೇಳಿದ್ದು ಜನವರಿಯಲ್ಲಿ. ಅವತ್ತಿನಿಂದ ವೀರಯ್ಯನ ಕೈಯಿಂದ ಫೋನ್ ಇಳಿಯಲಿಲ್ಲ. ಹಳೇ ಗಾಡಿ ಮಾರುವವರ ಜಾಹೀರಾತು ನೋಡುತ್ತಾ ನನ್ನ ಬೆಂಚಿನ ಮೇಲೆ ಕೂತವನಿಗೆ ಕಾಫಿ ಆರಿದ್ದೂ ತಿಳಿಯುತ್ತಿರಲಿಲ್ಲ. ಹೆಂಡತಿಗೆ ಹೇಳಬೇಡ ಎಂದು ನನ್ನ ಬಾಯಿಗೂ ಬೀಗ ಹಾಕಿದ್ದ.

ಒಂದು ದಿನ ಬೆಳಿಗ್ಗೆ ಓಡಿಕೊಂಡೇ ಬಂದ. ಫೋನಿನಲ್ಲಿ ಕೆಂಪು ಯೆಜ್ಡಿ, ಮದುವೆ ಹೆಣ್ಣಿನ ಹಾಗೆ ಮಿರಮಿರ ಮಿಂಚುತ್ತಿದೆ. ಬೆಲೆ ಬರೀ ಮೂವತ್ತು ಸಾವಿರ.

"ಅಗ್ಗ ಆಯ್ತಲ್ಲೋ ವೀರ" ಎಂದೆ.

"ಮಿಲಿಟರಿ ಕ್ಯಾಪ್ಟನ್ ಅಂತೆ ಕಣಣ್ಣ. ವರ್ಗ ಆಗೈತೆ, ಗಾಡಿ ತಗೊಂಡು ಹೋಗಂಗಿಲ್ಲ, ಅದ್ಕೇ ಕೊಟ್ಬುಡ್ತಾವ್ರೆ. ಕಾರ್ಡಿನ ಫೋಟೋನೂ ಕಳ್ಸವ್ರೆ, ನೋಡು. ಮಿಲಿಟರಿ ಲಾರೀಲೇ ಮನೆ ಬಾಗ್ಲಿಗೆ ಬತ್ತದಂತೆ."

ವೀರಯ್ಯನ ಅಣ್ಣ ಮಿಲಿಟರಿಯಲ್ಲಿದ್ದು ಬಂದವನು. ಆ ಹಸಿರು ಬಟ್ಟೆ ಕಂಡರೆ ಇವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಲವತ್ತು ವರ್ಷ ಗಾಡಿ ಬಿಚ್ಚಿ ಕಟ್ಟಿದವನ ಬುದ್ಧಿ ಆ ಫೋಟೋ ಕಂಡದ್ದೇ ನ್ಯೂಟ್ರಲ್ಲಿಗೆ ಬಿದ್ದಿತ್ತು. ಕ್ಯಾಪ್ಟನ್ ಕೊನೆಗೆ ಹೇಳಿದ್ದು ಒಂದೇ ಮಾತಂತೆ. ಇನ್ನಿಬ್ಬರು ಕಾಯುತ್ತಿದ್ದಾರೆ, ಇವತ್ತು ಸಂಜೆಯೊಳಗೆ ಟೋಕನ್ ಕಳಿಸಿದರೆ ಗಾಡಿ ನಿಮಗೆ.

ಇಲ್ಲಿ ವೀರಯ್ಯ ಮಾಡಿದ ತಪ್ಪು ನಮ್ಮ ಸೀಮೆಯವರು ಮಾತ್ರ ಮಾಡುವಂಥದ್ದು. ಎಸ್ಟೇಟಿನ ಚೀಲಗಳನ್ನು ಜೀಪಿನಲ್ಲಿ ಹೇರಿಕೊಂಡು ಹೋಗಿ ಬಿಲ್ಲೆ ಇಸಿದುಕೊಂಡೇ ಆಯುಸ್ಸು ಕಳೆದವನಿಗೆ ಟೋಕನ್ ಎಂದರೆ ಹಿತ್ತಾಳೆಯದೇ. ಗಾಡಿ ಇಳಿಸುವಾಗ ಗುರುತಿಗೆ ತೋರಿಸಲು ಕೇಳುತ್ತಿದ್ದಾರೆ ಎಂದುಕೊಂಡ. ಗುಟ್ಟು ಗಾಳಿಗೆ ತೂರಿ ಸೀದಾ ಗೋಡೌನಿಗೇ ಹೋದ. ಅಂಗಡಿಗೆ ನನ್ನ ಸೊಸೆಯನ್ನು ಕೂರಿಸಿ ನಾನೂ ಹಿಂದೆ ಹೋದೆ.

ಗಂಗಾಮಣಿ ಮೊರ ಹಿಡಿದು ಕೂತಿದ್ದಳು.

"ಮಣೀ, ನಿಮ್ದೊಂದು ಟೋಕನ್ ಕೊಡೇ. ಕ್ಯಾಪ್ಟನ್ ಕೇಳ್ತಾವ್ರೆ" ಎಂದ ವೀರಯ್ಯ.

"ಯಾವ ಕ್ಯಾಪ್ಟನ್ನು? ಎಷ್ಟು ಚೀಲ ತಂದವ್ರೆ?"

"ಚೀಲ ಅಲ್ಲ ಕಣೇ." ಅಷ್ಟು ಹೇಳಿ ನನ್ನ ಮುಖ ನೋಡಿದ. ನಾನು ಕಾಫಿ ಚೀಲಗಳ ಕಡೆ ನೋಡಿದೆ. ಕಡೆಗೆ ಇದ್ದದ್ದನ್ನೆಲ್ಲ ಒದರಿದ.

ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಡಬ್ಬಿಯಿಂದ ಇಪ್ಪತ್ತೇಳನೇ ನಂಬರಿನ ಟೋಕನ್ ತೆಗೆದು ಗಂಡನ ಕೈಯಲ್ಲಿಟ್ಟು, "ಫೋಟೋ ಹೊಡ್ದು ಕಳ್ಸಿ. ಏನಂತಾರೆ ನೋಡನ" ಎಂದಳು.

ಕಳಿಸಿ ಎರಡು ನಿಮಿಷವಾಗಿರಲಿಲ್ಲ, ಫೋನ್ ಬಂತು. ಗಂಗಾಮಣಿ ಸ್ಪೀಕರ್ ಹಾಕಿಸಿದಳು.

"ಸಾರ್, ಏನಿದು ಕಳಿಸಿದ್ದೀರಿ?"

"ಟೋಕನ್ನು ಸಾರ್. ನಂಬರ್ ಇಪ್ಪತ್ತೇಳು" ಎಂದ ವೀರಯ್ಯ, ನೆಟ್ಟಗೆ ನಿಂತು.

"ಟೋಕನ್ ಅಂದ್ರೆ ದುಡ್ಡು ಸಾರ್. ಐದು ಸಾವಿರ. ಅಡ್ವಾನ್ಸು."

ವೀರಯ್ಯ ಹೆಂಡತಿಯ ಮುಖ ನೋಡಿದ. ಅವಳು ಫೋನಿಗೆ ಬಾಗಿದಳು. "ನಮಸ್ಕಾರ ಸ್ವಾಮಿ. ನಾನು ಇವ್ರ ಮನೆಯೋಳು. ನಮ್ಮಲ್ಲಿ ಸರಕು ತಂದೋರಿಗೆ ನಾವು ಟೋಕನ್ ಕೊಡೋದು. ನಿಮ್ಮ ಸರಕು ಇನ್ನೂ ಬಂದಿಲ್ವಲ್ಲ."

"ಅದೆಲ್ಲ ಹಳೇ ಕಾಲ ಅಮ್ಮ. ಈಗೆಲ್ಲ ಆನ್‌ಲೈನ್. ದುಡ್ಡು ಹಾಕಿದ ಕೂಡಲೇ ಗಾಡಿ ಹೊರಡುತ್ತೆ."

"ಹಂಗೇ ಆಗ್ಲಿ. ಸ್ಯಾಂಪಲ್ ಒಂದು ನೋಡ್ಬುಡ್ತೀನಿ. ವಿಡಿಯೋದಾಗೆ ಬಂದು ಗಾಡಿ ಪಕ್ಕ ನಿಂತ್ಕೊಂಡು ಸ್ಟಾರ್ಟ್ ಮಾಡ್ತೀರಾ?"

"ಗಾಡಿ ಆಗ್ಲೇ ಪ್ಯಾಕ್ ಆಗಿದೆ ಅಮ್ಮ."

"ಪ್ಯಾಕ್ ಆದ್ರೆ ಬ್ಯಾಡ ಬುಡಿ. ಒಂದು ಮಾತು ಕೇಳ್ತೀನಿ, ಹೆಂಗಸ್ರ ಕಷ್ಟ. ನಾನು ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ್ಕೊಳ್ಳೋಳು. ಆ ಕಿಕ್ಕರು ನನ್ನ ಕಾಲಿಗೆ ತಾಗ್ತದಾ?"

ಆ ಕಡೆಯಿಂದ ಒಂದು ನಗು ಬಂತು, ಬಲು ಮರ್ಯಾದೆಯ ನಗು. "ಏನೂ ಭಯ ಬೇಡ ಅಮ್ಮ. ನೀವು ಎಡಗಡೆ ಕೂರ್ತೀರಿ, ಕಿಕ್ಕರ್ ಬಲಗಡೆ ಇರುತ್ತೆ. ತಾಗೋದೇ ಇಲ್ಲ."

ಗಂಗಾಮಣಿ ಸೀರೆಯಂಚು ಒಂದಿಷ್ಟು ಎತ್ತಿ ಹಿಮ್ಮಡಿಯ ಗುರುತು ನೋಡಿಕೊಂಡಳು. ಆಮೇಲೆ ವೀರಯ್ಯನ ಮುಖ ನೋಡಿದಳು. ಅವನ ಬೆನ್ನು ನಿಧಾನಕ್ಕೆ ಬಾಗಿತು.

"ಸ್ವಾಮಿ," ಎಂದಳು ಫೋನಿಗೆ, "ನಿಮ್ಮ ಚೀಲದಾಗೆ ಬರೀ ಸಿಪ್ಪೆ ಐತೆ. ಓಟಿ ಸೊನ್ನೆ ಬಂತು. ಹಿಂದಕ್ಕೆ ತಗೊಂಡೋಗಿ."

ಫೋನ್ ಇಟ್ಟ ಮೇಲೆ ಗೋಡೌನಿನಲ್ಲಿ ಎದ್ದ ನಗು ಬಸ್ ಸ್ಟ್ಯಾಂಡಿಗೆ ಕೇಳಿಸಿರಬೇಕು. ಕೃಷ್ಣಪ್ಪನವರೇ ತಕ್ಕಡಿ ಹಿಡಿದುಕೊಂಡು ನಕ್ಕರು. ನಗದವರು ಇಬ್ಬರೇ. ವೀರಯ್ಯ ಅವಮಾನದಿಂದ ನಗಲಿಲ್ಲ. ಗಂಗಾಮಣಿ ಅವನನ್ನು ನೋಡಿ ನಗಲಿಲ್ಲ. ಸಂಜೆ ಇಬ್ಬರೂ ಠಾಣೆಗೆ ಹೋಗಿ ಆ ನಂಬರ್ ಬರೆಸಿ ಬಂದರು. "ನಮ್ದು ಉಳೀತು, ಇನ್ನೊಬ್ರದ್ದು ಹೋಗ್ಬಾರ್ದು" ಎಂಬುದು ಅವಳ ವಾದ.

ವೀರಯ್ಯ ಮೂರು ದಿನ ನನ್ನ ಬೆಂಚಿಗೆ ಬರಲಿಲ್ಲ. ನಾಲ್ಕನೇ ದಿನ ಗಂಗಾಮಣಿಯೇ ಅವನನ್ನು ಹಿಂದಿಟ್ಟುಕೊಂಡು ಬಂದಳು.

"ಅಣ್ಣ, ಇವ್ರು ಮುಖ ಊದಿಸ್ಕೊಂಡು ಕೂತ್ರೆ ಮನೇಲಿ ಒಲೆ ಉರಿಯಲ್ಲ. ಯೆಜ್ಡಿ ಬೇಕು ಅಂದ್ರೆ ತಗೊಳ್ಳನ. ಆದ್ರೆ ನಮ್ಮ ಗೋಡೌನ್ ಲೆಕ್ಕದಾಗೆ ತಗೊಳ್ಳನ."

ಆಮೇಲಿನ ಸಂಜೆಗಳು ನನ್ನ ಅಂಗಡಿಯಲ್ಲಿ ಜಾತ್ರೆಯ ಹಾಗೆ ಕಳೆದವು. ವೀರಯ್ಯ ಜಾಹೀರಾತು ತೋರಿಸುವುದು, ಅವಳು ಕನ್ನಡಕ ಏರಿಸಿ ನೋಡುವುದು.

"ಇದು ಹೆಂಗೈತೆ?"

"ಚೀಲದ ಬಾಯಿ ಮಾತ್ರ ತೋರ್ಸವ್ನೆ. ಬುಡದ ಫೋಟೋ ಎಲ್ಲಿ?"

"ಇದು?"

"ಹಿಂದೆ ಇರೋ ಮರ ನೋಡಿ, ಎಲೆ ಮೇಲೆಲ್ಲ ಮಂಜುಗಡ್ಡೆ ಬಿದ್ದಂಗೆ ಐತೆ. ಗಾಡಿ ತುಮಕೂರಲ್ಲೈತೆ ಅಂತಾನೆ. ಯಾರದೋ ಫೋಟೋ ಕದ್ದವ್ನೆ."

"ಇದ್ರಾಗೆ ಎಲ್ಲಾ ಸರಿ ಐತೆ ಕಣೇ."

"ನಂಬರ್ ಪ್ಲೇಟಿಗೆ ಬಟ್ಟೆ ಯಾಕೆ ಹೊದ್ಸವ್ನೆ, ಚಳಿಯಾ?"

ಹೀಗೆ ಹದಿನೇಳು ಗಾಡಿ ಹಿಂದಕ್ಕೆ ಹೋದವು. ಹದಿನೆಂಟನೆಯ ಫೋಟೋ ನೋಡಿ ನಾನೇ ನಕ್ಕುಬಿಟ್ಟೆ. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಧೂಳು ಹೊದ್ದ ಒಂದು ಯೆಜ್ಡಿ. ಸೀಟಿನ ಮೇಲೆ ಮಂಕರಿ, ಮಂಕರಿಯಲ್ಲಿ ಕೋಳಿ. ಕೆಳಗೆ ಬರೆದಿತ್ತು: ಅಪ್ಪನ ಗಾಡಿ, ಒಂದು ಸೈಲೆನ್ಸರ್ ತೂತು, ಟ್ಯಾಂಕಿಗೆ ತುಕ್ಕು, ಬಂದು ನೋಡಿದರೆ ಮಾತ್ರ ಮಾತು. ಅರವತ್ತು ಸಾವಿರ.

ವೀರಯ್ಯ ಅದನ್ನು ಬೆರಳಲ್ಲಿ ತಳ್ಳಿ ಮುಂದಕ್ಕೆ ಹೋಗುತ್ತಿದ್ದ. ಗಂಗಾಮಣಿ ಅವನ ಕೈ ಹಿಡಿದಳು. "ಇವನು ಬುಡದ ಹಣ್ಣೇ ಮೊದ್ಲು ತೋರ್ಸವ್ನೆ. ಹೋಗನ."

ಗಾಡಿ ಇದ್ದದ್ದು ಆಲೂರು ಕಡೆ, ಕೆ. ಹೊಸಕೋಟೆಯಲ್ಲಿ. ಭಾನುವಾರ ಮೂವರೂ ಬಸ್ಸು ಬದಲಿಸಿ ಹೋದೆವು. ಮಾರುವವನು ದೇವೇಂದ್ರ, ನಲವತ್ತರ ರೈತ. ಅವನ ತಾಯಿ ಕಮಲಮ್ಮ ಬಾಗಿಲಲ್ಲೇ ಶರತ್ತು ಹಾಕಿದರು.

"ಗಾಡಿ ನೋಡ್ಕಳ್ಳಿ, ಬ್ಯಾಡ ಅನ್ನಲ್ಲ. ಅಲ್ಲಾಡ್ಸಂಗಿಲ್ಲ. ಕೋಳಿ ಕಾವಿಗೆ ಕೂತೈತೆ."

"ಅವ್ವಾ, ಅವರು ಹಾನುಬಾಳಿಂದ ಬಂದವ್ರೆ" ಎಂದ ದೇವೇಂದ್ರ.

"ನನ್ನ ಕೋಳಿ ಎಲ್ಲಿಗೂ ಹೋಗ್ದೆ ಕೂತೈತೆ. ಅದಕ್ಕೂ ಮರ್ಯಾದೆ ಐತೆ."

ಗಂಗಾಮಣಿಗೆ ಈ ತಾಯಿ ಅಲ್ಲಿಯೇ ಹಿಡಿಸಿದರು. ಕೋಳಿಗೆ ತೊಂದರೆಯಾಗದಂತೆ ನೆಲದ ಮೇಲೆ ಕೂತು, ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಇಂಜಿನ್ನಿನ ಜಿಡ್ಡು ಒರೆಸಿ ನಂಬರ್ ಓದಿದಳು. ಹ್ಯಾಂಡಲ್ಲಿನ ಕೆಳಗೆ ಚಾಸಿಸ್ಸಿನ ಮೇಲಿನ ನಂಬರ್ ವೀರಯ್ಯ ಓದಿದ. ನಾನು ಆರ್‌ಸಿ ಪುಸ್ತಕ ಹಿಡಿದು ಎರಡನ್ನೂ ತಾಳೆ ನೋಡಿದೆ. ಒಂದಂಕಿಯೂ ಹೆಚ್ಚುಕಮ್ಮಿ ಇರಲಿಲ್ಲ. ಸಾಲಕ್ಕೆ ಒತ್ತೆ ಬಿದ್ದ ಗುರುತೂ ಇರಲಿಲ್ಲ. ಟಾರ್ಚ್ ಬಿಟ್ಟು ಬುಡವೆಲ್ಲ ನೋಡಿ ಎದ್ದು ನಿಂತ ವೀರಯ್ಯನ ಮುಖ ನೋಡಿದರೆ ಅವನಿಗೆ ಇಪ್ಪತ್ತೈದು ವರ್ಷ.

ಅವಳು ಮಾತ್ರ ಆರ್‌ಸಿಯ ಮೊದಲ ಹಾಳೆಗೆ ಬೆರಳಿಟ್ಟಳು. "ಇದ್ರ ಮೇಲೆ ಅಪ್ಪಾಜಿ ಹೆಸ್ರೈತೆ ದೇವೇಂದ್ರಣ್ಣ."

"ಹೂಂ ಅಕ್ಕ, ಅವರು ತೀರ್ಕೊಂಡು ನಾಕು ವರ್ಷ ಆಯ್ತು. ಖಾಲಿ ಫಾರಂಗೆ ನಾನು ಸೈನ್ ಹಾಕಿ ಕೊಟ್ಬುಡ್ತೀನಿ, ಎಲ್ಲಾರೂ ಹಂಗೇ ಮಾಡ್ತಾರೆ."

"ತೀರ್ಕೊಂಡೋರ ಹೆಸ್ರಿಂದ ನಮ್ಮ ಹೆಸ್ರಿಗೆ ಹೆಂಗೆ ನೆಗೀತದೆ? ಮೊದ್ಲು ನಿಮ್ಮ ಹೆಸ್ರಿಗೆ ಬರ್ಲಿ. ಹೆಸ್ರಿಲ್ದೆ ಇರೋ ಚೀಲ ನಾನು ಮುಟ್ಟಲ್ಲ."

ವೀರಯ್ಯ ಅವಳನ್ನು ಕೊಟ್ಟಿಗೆಯ ಆಚೆಗೆ ಕರೆದ. ಪಿಸುಮಾತೇ ಆದರೂ ನನಗೆ ಕೇಳಿಸಿತು.

"ಮಣೀ, ಅದೆಲ್ಲ ಆಗೋವಷ್ಟ್ರಲ್ಲಿ ಏಪ್ರಿಲ್ ಬತ್ತದೆ. ನಿನ್ನ ಕಡೇ ದಿನ ಮುಗ್ದೋಗ್ತದೆ."

"ಮುಗೀಲಿ."

"ಮೂವತ್ತು ವರ್ಷದ ಮಾತು ಕಣೇ ಅದು."

"ನನ್ನ ಕೆಲ್ಸವೂ ಮೂವತ್ತು ವರ್ಷದ್ದೇ" ಎಂದು ಅವಳು ತಿರುಗಿ ಬಂದಳು.

ದೇವೇಂದ್ರ ಒಳ್ಳೆಯವನು. "ಆಗ್ಲಿ ಅಕ್ಕ, ಮಾಡಿಸ್ತೀನಿ. ಅಲ್ಲೀವರ್ಗೂ ಬೇರೆಯೋರು ಕೇಳಿದ್ರೆ? ಏನಾದ್ರೂ ಅಡ್ವಾನ್ಸು..." ಎಂದು ನಾಚಿಕೊಂಡ.

ಗಂಗಾಮಣಿ ಸೊಂಟದ ಚೀಲ ಬಿಚ್ಚಿ ಹಿತ್ತಾಳೆ ಬಿಲ್ಲೆ ತೆಗೆದಳು. ನಂಬರ್ ಇಪ್ಪತ್ತೇಳು. "ದುಡ್ಡು ಗಾಡಿ ನಮ್ಮ ಹೆಸ್ರಿಗೆ ಬರೋ ದಿನ, ಆರ್‌ಟಿಓ ಆಫೀಸ್ ಮುಂದೆ, ಬ್ಯಾಂಕ್ ಮೂಲಕ. ಇವತ್ತಿಗೆ ಇದು ಟೋಕನ್. ಇದನ್ನ ಕೊಟ್ಟ ಮೇಲೆ ನಾನು ಯಾರಿಗೂ ಕೈ ಕೊಟ್ಟಿಲ್ಲ. ಹಾನುಬಾಳಲ್ಲಿ ಕೇಳಿ ನೋಡಿ."

ದೇವೇಂದ್ರ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದ. ಕಮಲಮ್ಮ ಕೈ ಚಾಚಿ ಇಸಿದುಕೊಂಡು, ಕಣ್ಣ ಹತ್ತಿರ ಹಿಡಿದು, "ನಮ್ಮೆಜಮಾನ್ರು ಇಂಥದ್ದು ಎಷ್ಟೋ ತಂದಿದ್ರು. ಸಂಜೆಗೆ ದುಡ್ಡು ತಪ್ಪಿದ್ದಿಲ್ಲ" ಎಂದು ದೇವರ ಗೂಡಿನಲ್ಲಿಟ್ಟರು. ವ್ಯಾಪಾರ ಅಲ್ಲಿಗೆ ಕುದುರಿತು.

ಮರಿಗಳು ಹೊರಬಂದ ವಾರ ನಾವು ಮತ್ತೆ ಹೋದೆವು. ವೀರಯ್ಯ ಟ್ಯಾಂಕ್ ತೊಳೆದು, ಪ್ಲಗ್ ಉಜ್ಜಿ, ಏಳನೇ ಒದೆತಕ್ಕೆ ಗಾಡಿ ಎಬ್ಬಿಸಿದ. ಕೊಟ್ಟಿಗೆ ತುಂಬ ಹೊಗೆ. ಗಂಗಾಮಣಿ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಎಡಕ್ಕೆ ಕಾಲು ಬಿಟ್ಟು ಕೂತು, ಹಿಮ್ಮಡಿ ಎಲ್ಲಿಗೆ ಬರುತ್ತದೆ, ಕಿಕ್ಕರ್ ಎಲ್ಲಿಗೆ ಬರುತ್ತದೆ ಎಂದು ಅಳೆದು ನೋಡಿದಳು. "ಇದು ಯೆಜ್ಡಿನೇ" ಎಂದು ಇಳಿದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೊಂದಿಲ್ಲ.

ಕಾಗದದ ಕೆಲಸ ಮಾತ್ರ ತನ್ನ ನಡಿಗೆಯಲ್ಲೇ ನಡೆಯಿತು. ಮರಣ ಪತ್ರ, ತಾಯಿಯ ಒಪ್ಪಿಗೆ, ಹಳೇ ಗಾಡಿಯ ರಿಜಿಸ್ಟ್ರೇಶನ್ ಹೊಸದು ಮಾಡಿಸುವುದು, ಆಮೇಲೆ ವೀರಯ್ಯನ ಹೆಸರಿಗೆ. ಮಾರ್ಚ್ ಮೂವತ್ತೊಂದು ಬಂತು. ವೀರಯ್ಯ ಅವತ್ತು ಬೆಳಿಗ್ಗೆ ಬೆಂಚಿನ ಮೇಲೆ ಕೂತು, "ನಾನು ಮಾತು ತಪ್ಪಿದೋನಾದೆ ಕಣಣ್ಣ. ಇವತ್ತು ನಡ್ಕೊಂಡೇ ಬತ್ತಾಳೆ" ಎಂದ. ಅವನ ಕೈಗೆ ಒಂದು ಬಾಳೆಹಣ್ಣು ಕೊಟ್ಟೆ.

ಸಂಜೆ ಗಂಗಾಮಣಿ ನಡೆದುಕೊಂಡೇ ಬಂದಳು. ಕೈಯಲ್ಲಿ ಬೀಳ್ಕೊಡುಗೆಯ ಹಾರವಿಲ್ಲ, ಎಂದಿನ ಊಟದ ಡಬ್ಬಿ ಮಾತ್ರ.

"ಇನ್ನೊಂದಿಷ್ಟು ಚೀಲ ಉಳ್ಕೊಂಡವೆ. ಓಟಿ ತೆಗೀದೆ ಹೆಂಗೆ ಬುಡೋದು? ನಾಳೆನೂ ಹೋಗ್ಬೇಕು" ಎಂದಳು.

ಮಾರನೆಯ ದಿನವೂ ಚೀಲ ಉಳಿದಿತ್ತು. ಅದರ ಮಾರನೆಯ ದಿನವೂ. ನನಗೆ ಅನುಮಾನ ಬಂದು ಆರನೇ ದಿನ ಸಕ್ಕರೆ ಚೀಲದ ನೆಪ ಮಾಡಿ ಗೋಡೌನಿಗೆ ಹೋದೆ. ಒಳಗೆ ಸೀಸನ್ ಮುಗಿದು ನೆಲ ಗುಡಿಸಿಟ್ಟಿತ್ತು. ಹನ್ನೊಂದೇ ಹನ್ನೊಂದು ಚೀಲ ಗೋಡೆಗೆ ಒರಗಿದ್ದವು. ಗಂಗಾಮಣಿ ಅದರಲ್ಲಿ ಒಂದಕ್ಕೆ ಕೊಳವೆ ಚುಚ್ಚಿ ಕೂತಿದ್ದಳು.

ಕೃಷ್ಣಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. "ಅದೇ ಹನ್ನೊಂದು ಚೀಲ ಕಣ್ರೀ. ಆರು ದಿನದಿಂದ ಮತ್ತೆ ಮತ್ತೆ ಓಟಿ ತೆಗೀತಾವ್ಳೆ. ಇನ್ನು ಒಂದು ವಾರ ಬುಟ್ರೆ ತೂತುಗಳೇ ಉಳಿಯೋದು, ಕಾಫಿ ಉಳಿಯಲ್ಲ. ಏನಾಗೈತೆ ಅವ್ಳಿಗೆ?"

"ಏನೂ ಆಗಿಲ್ಲ ಸಾವ್ಕಾರ್ರೆ. ಒಂದು ಕಾಗ್ದ ಬರೋದೈತೆ, ಸುಮ್ನಿರಿ" ಎಂದೆ.

ಒಂಬತ್ತನೇ ದಿನ ಮಧ್ಯಾಹ್ನ ಕಾಗದ ಬಂತು. ಆಫೀಸಿನ ಮುಂದೆಯೇ ಬ್ಯಾಂಕ್ ಮೂಲಕ ದುಡ್ಡು ದಾಟಿತು. ಐದು ಗಂಟೆಗೆ ದಿಬ್ಬದ ಆಚೆ ಆ ಸದ್ದು ಕೇಳಿದಾಗ ನಾನು ಗೋಡೌನಿನ ಬಾಗಿಲಲ್ಲೇ ಇದ್ದೆ. ನಾಲ್ಕು ತಿರುವು ಎಣಿಸಿದೆ. ಗಂಗಾಮಣಿ ಮೊರ ಕೆಳಗಿಟ್ಟು, ಕೊಳವೆಯನ್ನು ಒರೆಸಿ, ಮೊಳೆಗೆ ನೇತುಹಾಕಿ, "ಚೀಲ ಮುಗುದ್ವು ಸಾವ್ಕಾರ್ರೆ" ಎಂದಳು.

ವೀರಯ್ಯ ಬಾಗಿಲಿಗೆ ಬಂದು ನಿಲ್ಲಿಸಿದ. ತನ್ನ ಗಾಡಿಯಲ್ಲಿ ಹಿಂದೆಯೇ ಬಂದ ದೇವೇಂದ್ರ ಜೇಬಿನಿಂದ ಹಿತ್ತಾಳೆ ಬಿಲ್ಲೆ ತೆಗೆದು ಅವಳ ಕೈಯಲ್ಲಿಟ್ಟ. "ತಗೊಳ್ಳಕ್ಕ. ಸರಕು ಒಳಗೆ ಬಂತು."

ಅವಳು ಅದನ್ನು ಡಬ್ಬಿಗೆ ಹಾಕಹೋದಳು. ಕೃಷ್ಣಪ್ಪನವರು ತಡೆದು, "ಇಪ್ಪತ್ತೇಳು ನಿನ್ಹತ್ರನೇ ಇರ್ಲಿ" ಎಂದರು.

ಗಂಗಾಮಣಿ ಟೋಕನ್ ಸೊಂಟಕ್ಕೆ ಸಿಕ್ಕಿಸಿ, ಎಡಕ್ಕೆ ಕಾಲು ಬಿಟ್ಟು ಕೂತಳು. ಗಾಡಿ ಇಪ್ಪತ್ತು ಗಜ ಹೋಗಿ, ಎರಡು ಸಲ ಕೆಮ್ಮಿ ನಿಂತಿತು.

"ಇಳೀಲಾ?" ಎಂದಳು.

"ಬ್ಯಾಡ, ಕೂತಿರು" ಎಂದು ವೀರಯ್ಯ ಮಡಚಿದ್ದ ಕಿಕ್ಕರ್ ಬಿಚ್ಚಿದ. ಅವನು ಒದೆಯುವುದಕ್ಕೆ ಮೊದಲೇ ಅವಳು ಎರಡೂ ಕಾಲನ್ನು ಮೇಲಕ್ಕೆ ಎತ್ತಿಕೊಂಡಿದ್ದಳು.